ಮರಿಯಮ್ಮನಹಳ್ಳಿಯ ಮಾಳಿಗೆ ಮನೆಗಳೂ ಗೆದ್ದಲೂ

ತುಂಗಭದ್ರಾ ನದಿಗೆ ಅಣೆಕಟ್ಟನ್ನು ಕಟ್ಟುವ ಕಾರ್ಯವು ೧೯೪೫ರಲ್ಲಿ ಮೊದಲಾಗಿ ೧೯೫೩ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆ ಮೊದಲಾದ ಊರುಗಳು ಜಲಾಶಯದಲ್ಲಿ ಮುಳುಗಿದುವು. ಆ ಊರಿನ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಊರನ್ನು ಬಿಡುವವರು ಮಣ್ಣಿನ ಗೋಡೆಗಳನ್ನು ಅಲ್ಲಿಯೇ ಬಿಟ್ಟು ಕಂಬ, ತೊಲೆ, ಬಾಗಿಲುವಾಡಗಳನ್ನು ಬಿಚ್ಚಿ ಗಾಡಿಯ ಮೇಲೆ ಹೇರಿಕೊಂಡು ಬರುವುದು ಈ ಸೀಮೆಯಲ್ಲಿ ವಾಡಿಕೆ. ಇಂತಹ ಮರದಿಂದ ಕಟ್ಟಿದ ಹೊಸ ಮನೆಯಲ್ಲಿ ಗೆದ್ದಲು ತೋರಿದರೆ ಅದು ಹಳೆಯ ಮರದೊಡನೆಯೇ ಬಂದಿತೆಂದು ಯಾರಾದರೂ ಹೇಳುವರು. ಕೇಳುವುದಕ್ಕೆ ಒಪ್ಪುವಂತಹ ಮಾತೇ ಸರಿ. ಆದರೆ ಈ ನಾಡಿನ ಗೆದ್ದಲಿನ ವಿಷಯದಲ್ಲಿ ಅದು ನಿಜವಲ್ಲ. ತಪ್ಪನ್ನು ಮರದ ಮೇಲೆ ಹೊರಿಸುವವನು ಮರಕ್ಕೆ ಎಣ್ಣೆಯನ್ನು ಬಳಿದು ಸುಮ್ಮನಾಗುತ್ತಾನೆ; ಹುಳುವಾದರೋ ನೆಲದಿಂದ ಬರುತ್ತಲೇ ಇರುತ್ತದೆ.

ಗೆದ್ದಲಿಗೆ ಬಿಳಿಯ ಇರುವೆಯೆಂದು ಪಾಶ್ಚಾತ್ಯರು ಹೆಸರಿಟ್ಟರೂ ಅದು ಇರುವೆಯ ಕುಲದ್ದಲ್ಲ. ಜಿರಲೆಗೆ ಹತ್ತಿರದ ನಂಟು. ಮರದೊಳಗೇ ಹುಟ್ಟಿ ಅಲ್ಲಿಯೇ ಬಾಳುವ ಒಣಮರದ ಗೆದ್ದಲುಗಳೂ ಉಂಟು. ಅವಕ್ಕೆ ಕರಾವಳಿಯಂತಹ ತೇವದ ಹವೆ ಒಗ್ಗುವುದು. ಬಳ್ಳಾರಿ ಸೀಮೆಯಂತಹ ಒಣ ಬಯಲಿನಲ್ಲಿ ಮನೆಗಳನ್ನು ಕೆಡಿಸುವುವು ಬಹುಮಟ್ಟಿಗೆ ನೆಲದೊಳಗೆ ಗೂಡುಳ್ಳ ಜಾತಿಗಳು. ಹೊಲದ ಬದುಗಳಲ್ಲಿ ಹುತ್ತವನ್ನು ಎಬ್ಬಿಸುವ ಓಡಾಂಟೋಟರ್ಮೀಸ್ ಎಂಬ ಕುಲದವು ತಿಂದು ತಂದ ಮರದಿಂದ ಗೂಡಿನೊಳಗೆ ಸ್ಪಂಜಿನಂತಹ ತೋಟವನ್ನು ಮಾಡಿ ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ಉಣ್ಣುವುವು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಆ ಬೆಳೆಯದೇ.

ದುಡಿಯುವ ಗೆದ್ದಲಿಗೆ ಕಣ್ಣಿಲ್ಲ. ಮೈಚರ್ಮವು ಬಲು ತೆಳು. ಬಿಸಿಲಿಗೂ ಒಣಗಾಳಿಗೂ ಸಿಕ್ಕಿದರೆ ಸ್ವಲ್ಪ ಹೊತ್ತಿನಲ್ಲಿಯೇ ಒಣಗಿ ಸಾಯುವುದು. ಆದಕಾರಣ ಅದು ಹೋದಲ್ಲೆಲ್ಲ ಮಣ್ಣನ್ನು ಎಂಜಲಿನಿಂದ ಕಲಸಿ ಕೊಳವೆಯಂತಹ ದಾರಿಯನ್ನು ಕಟ್ಟಿಕೊಂಡೇ ಹೋಗಬೇಕು. ಈ ದಾರಿಯು ಕಡಿದರೆ ಮರದಲ್ಲಿರುವ ಹುಳುಗಳು, ಬೇರೆಡೆಯಲ್ಲಿ ನೀರು ದೊರೆಯದ ಪಕ್ಷದಲ್ಲಿ, ಬದುಕಲಾರವು. ಗಾಡಿಯ ಮೇಲೆ ಬಿಸಿಲಿನಲ್ಲಿ ಬಂದ ತೊಲೆಯಲ್ಲಿ ಗೆದ್ದಲಿನ ಗುರುತು ಇರಬಹುದು, ಗೆದ್ದಲು ಇರಲಾರದು. ತೇವಕ್ಕೂ ಗೆದ್ದಲಿಗೂ ಇರುವ ಈ ನಂಟನ್ನು ಹಿಂದಿನವರು ಕಂಡಿದ್ದರು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಗುರುತಿಸುವ ಬಗೆಯನ್ನು ಹೇಳುವಾಗ ಹುತ್ತವನ್ನು ಮತ್ತೆ ಮತ್ತೆ ಲಕ್ಷಣವಾಗಿ ಹಿಡಿದಿದ್ದಾನೆ.

ಈ ಸೀಮೆಯ ಮಾಳಿಗೆ ಮನೆಯನ್ನು ಇದೇ ದೃಷ್ಟಿಯಿಂದ ನೋಡಬೇಕು. ಕಲ್ಲಿನ ಇಲ್ಲವೆ ಮಣ್ಣಿನ ದಪ್ಪ ಗೋಡೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪುಗಳನ್ನು ಹರವಿ ಚೌಳು ಮಣ್ಣಿನ ಮೇಲುಮುದ್ದೆ. ಹೊರಗಿನವರಿಗೆ ಇದು ಗೆದ್ದಲಿಗೆ ಇಕ್ಕಿದ ಎಡೆಯಂತೆ ತೋರೀತು: ಕೆಳಗೆ ಮಣ್ಣು, ಮೇಲೆ ಮಣ್ಣು, ನಡುವೆ ಮರ. ಆದರೂ ಇಂತಹ ಮನೆಗಳು ತಲೆಮಾರುಗಳ ಕಾಲ ನಿಂತಿವೆ. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದರಿಂದ ಹುಳುವು ಕಣ್ಣಿಗೆ ಕಾಣುವಂತೆಯೇ ಕಲ್ಲನ್ನು ಏರಬೇಕಾಗುತ್ತಿತ್ತು. ಚೌಳು ಮಣ್ಣು ನೆನೆದರೆ ಅಂಟಾಗಿ ನೀರನ್ನು ಕೆಳಕ್ಕೆ ಬಿಡದು. ಬೇಸಗೆಯಲ್ಲಿ ಅದು ಬಿರಿಯುವುದರಿಂದ ಮಳೆಗೆ ಮುಂಚೆ ವರ್ಷವರ್ಷವೂ ಹೊಸ ಮಣ್ಣನ್ನು ಹಾಕಿ ತುಳಿಯುತ್ತಿದ್ದರು. ಒಲೆಯ ಹೊಗೆ ಜಂತಿಗಳನ್ನು ಒಣಗಿಸುತ್ತಿತ್ತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಗೋಡೆಯ ಮೂಲೆಮೂಲೆಯನ್ನೂ ಒರಸಬೇಕು. ಮಣ್ಣಿನ ಕೊಳವೆಯೊಂದು ಎದ್ದಿದ್ದರೆ ಹೆಂಗಸರ ಕೈಗೆ ಮೊದಲು ತಗಲುತ್ತಿತ್ತು. ಇದನ್ನು ಯಾರೂ ಗೆದ್ದಲಿನ ಚಿಕಿತ್ಸೆಯೆಂದು ಕರೆಯಲಿಲ್ಲ.

ಮಾಳಿಗೆಗೆ ಮಣ್ಣು ಹಾಕುವವರು ದೊರೆಯದೆ ಹೋದಾಗ, ಮಣ್ಣಿನ ಗೋಡೆಗೆ ಸಿಮೆಂಟನ್ನು ಮೆತ್ತಿದಾಗ, ಈ ಏರ್ಪಾಡು ಮುರಿಯುತ್ತದೆ. ಸಿಮೆಂಟು ಭದ್ರವೆಂಬ ನಂಬಿಕೆಯು ಇಲ್ಲಿ ಮೋಸಗೊಳಿಸುವುದು: ಗೋಡೆಯ ತೇವವು ಹೊರಕ್ಕೆ ಆರದೆ ಒಳಗೇ ನಿಲ್ಲುತ್ತದೆ, ಗೆದ್ದಲಿನ ದಾರಿಯು ಗಾರೆಯ ಹಿಂದೆ ಮರೆಯಾಗುತ್ತದೆ. ಬಾಗಿಲುವಾಡವನ್ನು ಬೆರಳಿನಿಂದ ತಟ್ಟಿ ಪೊಳ್ಳು ಸದ್ದು ಬಂದಾಗಲೇ ಮನೆಯವರಿಗೆ ತಿಳಿಯುವುದು.

ಮರಿಯಮ್ಮನಹಳ್ಳಿಗೆ ಇನ್ನೊಂದು ಆತಂಕವೂ ಉಂಟು. ಇದು ರಂಗಕಲಾವಿದರ ಊರು. ಪದ್ಮಶ್ರೀ ಪುರಸ್ಕೃತರಾದ ಜೋಗತಿ ಮಂಜಮ್ಮನವರು ಇಲ್ಲಿ ನೆಲಸಿದವರು. ಬಣ್ಣದ ಬದುಕಿನವರು ಊರೂರು ತಿರುಗುವುದು ಸಹಜ. ತಿಂಗಳುಗಟ್ಟಲೆ ಬೀಗ ಬಿದ್ದ, ಒಲೆ ಹೊತ್ತದ ಮನೆ ಗೆದ್ದಲಿಗೆ ಅನುಕೂಲ. ಕಾಗದವೂ ಮರದ ಸತ್ತ್ವವೇ ಆದುದರಿಂದ ಗೋಡೆಗೆ ತಗುಲಿಸಿ ನೆಲದ ಮೇಲಿಟ್ಟ ಪೆಟ್ಟಿಗೆಯಲ್ಲಿರುವ ನಾಟಕದ ಕೈಬರಹವು ತೊಲೆಗಿಂತ ಮೊದಲು ಹೋಗುವುದು. ತೊಲೆಗೆ ಬೇರೊಂದು ತೊಲೆಯನ್ನು ಕೊಡಬಹುದು. ಅಚ್ಚಾಗದ ನಾಟಕಕ್ಕೆ ಏನನ್ನು ಕೊಡುವುದು? ಪೆಟ್ಟಿಗೆಯನ್ನು ಕಲ್ಲಿನ ಮೇಲೆ, ಗೋಡೆಯಿಂದ ಗೇಣುದೂರ ಇಡುವುದಕ್ಕೆ ಖರ್ಚೇನೂ ಇಲ್ಲ.

ಮರದ ಆಯ್ಕೆಯಿಂದ ಪ್ರಯೋಜನವಿಲ್ಲವೆಂದಲ್ಲ. ತೇಗದ ಚೇಗು ಬಹುಕಾಲ ತಡೆಯುವುದು. ಅದೇ ಮರದ ಹೊರಗಿನ ಬಿಳಿಯ ಭಾಗವು ತಡೆಯದು. ಮಾವು, ಬೂರುಗಗಳು ಬೇಗ ಕೆಡುವುವು. ಔಷಧವನ್ನು ಹಾಕುವುದಾದರೂ ಮರಕ್ಕಿಂತ ಮಣ್ಣಿಗೆ ಹಾಕುವುದೇ ಸರಿ: ತಳಪಾಯದ ಸುತ್ತ ಕಾಲುವೆ ತೋಡಿ ಗೋಡೆಗೂ ನೆಲಕ್ಕೂ ನಡುವೆ ವಿಷದ ಬೇಲಿಯನ್ನು ಕಟ್ಟುವ ಕ್ರಮವನ್ನು ಭಾರತೀಯ ಮಾನಕ ೬೩೧೩ ವಿವರಿಸುತ್ತದೆ. ಹಿಂದೆ ಇದಕ್ಕೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಮಣ್ಣಿನಲ್ಲಿಯೂ ಪ್ರಾಣಿಗಳ ಕೊಬ್ಬಿನಲ್ಲಿಯೂ ಅಳಿಯದೆ ಉಳಿಯುವುವೆಂದು ೨೦೦೧ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಸೇರಿದುವು. ಮನೆಯ ಮಗ್ಗುಲಲ್ಲಿ ಸೇದುವ ಬಾವಿಯಿದ್ದರೆ ಇಂದಿನ ಔಷಧಗಳನ್ನೂ ಯೋಚಿಸಿಯೇ ಬಳಸಬೇಕು.

ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳುಗಳು ಏಳುವುವು. ಹೊರಗಿನಿಂದ ದೀಪಕ್ಕೆ ಬಂದು ಮುತ್ತಿದರೆ ಅಂಜಬೇಕಾದುದಿಲ್ಲ. ಅವುಗಳಲ್ಲಿ ಬಹುಪಾಲು ಹಲ್ಲಿ ಹಕ್ಕಿಗಳ ಪಾಲು. ಆದರೆ ನಡುಮನೆಯ ನೆಲದ ಬಿರುಕಿನಿಂದಲೋ ಬಾಗಿಲುವಾಡದ ಬುಡದಿಂದಲೋ ಅವು ಸಾಲಾಗಿ ಹೊರಟರೆ ಗೂಡು ಮನೆಯ ಅಡಿಯಲ್ಲಿಯೇ ಇರುವುದೆಂದು ತಿಳಿದು, ಉದುರಿದ ರೆಕ್ಕೆಗಳನ್ನು ಗುಡಿಸುವ ಮೊದಲು ಆ ಬಿರುಕನ್ನು ಗುರುತು ಮಾಡಿಕೊಳ್ಳಬೇಕು.