ಡ್ರೈಯರ್ ಬಿಸಿಯಾಗುತ್ತಿಲ್ಲವೇ? ಮೊದಲು ಗಾಳಿಯ ದಾರಿ ನೋಡಿ

ಕನಕಪುರ ರಸ್ತೆಯ ಮಗ್ಗುಲಿನ ಜರಗನಹಳ್ಳಿಯಲ್ಲಿ ಮಳೆಗಾಲ ಬಂತೆಂದರೆ ಒಗೆದ ಬಟ್ಟೆ ಒಣಗಿಸುವುದೇ ಒಂದು ಚಿಂತೆ. ತಾರಸಿ ಇರುವ ಮನೆಯವರು ತಂತಿ ಕಟ್ಟಿ ಬಿಸಿಲಿಗೆ ಕಾಯುತ್ತಾರೆ. ಅಪಾರ್ಟ್‌ಮೆಂಟಿನವರಿಗೆ ಇರುವುದು ಅಡುಗೆಮನೆಯ ಹಿಂದಿನ ಕಿರಿದಾದ ಯುಟಿಲಿಟಿ ಜಾಗ ಮಾತ್ರ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಮುಚ್ಚಿದ ದಿನಗಳಲ್ಲಿ ಅಲ್ಲಿ ಹರವಿದ ಜೀನ್ಸ್ ಪ್ಯಾಂಟು ಆರುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಅದಕ್ಕಾಗಿಯೇ ಡ್ರೈಯರ್ ತರುತ್ತಾರೆ. ಒಂದು ದಿನ ಅದರ ಡ್ರಮ್ ಎಂದಿನಂತೆ ತಿರುಗುತ್ತದೆ, ಸದ್ದೂ ಬರುತ್ತದೆ, ಬಿಸಿ ಮಾತ್ರ ಬರುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಹೀಟರ್ ಹೋಗಿದೆ’ ಎಂಬುದು. ಅದು ಅವಸರದ ತೀರ್ಮಾನ. ಬಿಸಿ ನಿಂತಾಗ ಮೊದಲು ಅನುಮಾನಿಸಬೇಕಾದದ್ದು ಗಾಳಿ ಓಡಾಡುವ ದಾರಿಯನ್ನು. ಹೀಟರಿನ ಸರದಿ ಆಮೇಲಿನದು.

ಏಕೆಂದರೆ ಬಟ್ಟೆಯನ್ನು ಒಣಗಿಸುವುದು ಬಿಸಿಯೊಂದೇ ಅಲ್ಲ. ಬಿಸಿ ನೀರನ್ನು ಆವಿ ಮಾಡುತ್ತದೆ, ಗಾಳಿ ಆ ಆವಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.63 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಸಾಮಾನ್ಯ ಡ್ರೈಯರ್‌ನ 2000 ವ್ಯಾಟ್ ಹೀಟರ್ ಈ ಶಾಖವನ್ನು ಕೊಡುತ್ತಲೇ ಇರುತ್ತದೆ. ಗಾಳಿ ಕಟ್ಟಿಕೊಂಡರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಯಂತ್ರದೊಳಗೇ ಏರುತ್ತದೆ. ಆಗ ಥರ್ಮೋಸ್ಟಾಟ್ ಹೀಟರನ್ನು ಮತ್ತೆ ಮತ್ತೆ ಆರಿಸುತ್ತದೆ. ಅದಕ್ಕೂ ಮೀರಿ ಬಿಸಿ ಏರಿದರೆ ಥರ್ಮಲ್ ಫ್ಯೂಸ್ ಕರಗಿ ಹೀಟರಿಗೆ ಹೋಗುವ ವಿದ್ಯುತ್ತನ್ನು ಕಡಿದುಹಾಕುತ್ತದೆ. ಅನೇಕ ಮಾದರಿಗಳಲ್ಲಿ ಮೋಟಾರಿನ ದಾರಿ ಬೇರೆಯಾದ್ದರಿಂದ ಡ್ರಮ್ ತಿರುಗುತ್ತಲೇ ಇರುತ್ತದೆ. ‘ತಿರುಗುತ್ತದೆ, ಬಿಸಿಯಾಗುವುದಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಹಾಗೆಂದು ಬಿಸಿ ಕಾಣದ ಯಂತ್ರವೆಲ್ಲ ಕೆಟ್ಟಿದೆ ಎಂದಲ್ಲ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಎರಡನೆಯ ತೊಟ್ಟಿಯನ್ನೂ ಡ್ರೈಯರ್ ಎಂದೇ ಕರೆಯುತ್ತೇವೆ. ಅದು ಬಟ್ಟೆಯನ್ನು ಗಿರ್ರನೆ ತಿರುಗಿಸಿ ನೀರು ಹಿಂಡುತ್ತದೆ ಅಷ್ಟೆ, ಅದರಲ್ಲಿ ಹೀಟರೇ ಇಲ್ಲ. ಹೀಟ್ ಪಂಪ್ ಮಾದರಿಯಲ್ಲಿ ಬಿಸಿ ಮಾಡುವುದು ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್. ಅದರ ಗಾಳಿ ಹಳೆಯ ಮಾದರಿಗಳಷ್ಟು ಸುಡುವುದಿಲ್ಲ, ಸಮಯವೂ ಹೆಚ್ಚು ಬೇಕು. ಯಾವುದೇ ಡ್ರೈಯರ್‌ನಲ್ಲಿ ಕೊನೆಯ ಕೆಲವು ನಿಮಿಷ ಹೀಟರ್ ಆರಿ ಬಟ್ಟೆ ತಣಿಯುವುದು ಸಹಜ. ಒಗೆದು ಒಣಗಿಸುವ ಎರಡೂ ಕೆಲಸ ಮಾಡುವ ಯಂತ್ರಕ್ಕೆ ಒಗೆಯುವಾಗ ಹಾಕಿದಷ್ಟೇ ಬಟ್ಟೆಯನ್ನು ಒಣಗಿಸಲೂ ಬಿಟ್ಟರೆ ಅದು ಸೋಲುತ್ತದೆ, ಏಕೆಂದರೆ ಅದರ ಒಣಗಿಸುವ ಸಾಮರ್ಥ್ಯ ಕಡಿಮೆ. ಇಂಥ ಕೆಲವು ಯಂತ್ರಗಳು ಆವಿಯನ್ನು ಮತ್ತೆ ನೀರಾಗಿಸಲು ನಲ್ಲಿಯ ತಣ್ಣೀರನ್ನೇ ಬಳಸುತ್ತವೆ. ಒಗೆತ ಮುಗಿಯಿತೆಂದು ನಲ್ಲಿ ಮುಚ್ಚಿಬಿಟ್ಟರೆ ಅಲ್ಲಿಗೆ ಒಣಗಿಸುವ ಕೆಲಸವೂ ನಿಂತಿತು.

ಇವು ಯಾವುವೂ ಅಲ್ಲವೆಂದಾದರೆ ಗಾಳಿಯ ದಾರಿಗೆ ಬನ್ನಿ. ಪ್ಲಗ್ ಕಿತ್ತು, ಬಾಗಿಲ ಬಳಿಯ ಲಿಂಟ್ ಫಿಲ್ಟರ್ ತೆಗೆದು ಬಟ್ಟೆಯ ಜುಂಗನ್ನು ಬಿಡಿಸಿ. ಬಳಿಕ ಜಾಲರಿಯ ಮೇಲೆ ಸ್ವಲ್ಪ ನೀರು ಸುರಿಯಿರಿ. ನೀರು ಸೋರದೆ ಮೇಲೆಯೇ ನಿಂತರೆ, ಕಣ್ಣಿಗೆ ಕಾಣದ ಜಿಡ್ಡು ರಂಧ್ರಗಳನ್ನು ಮುಚ್ಚಿದೆ ಎಂದರ್ಥ. ಸೋಪಿನ ನೀರಿನಲ್ಲಿ ಮೆದುವಾದ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಆವಿಯನ್ನು ಹೊರಗೆ ಬಿಡುವ ಮಾದರಿಯಾದರೆ ಹಿಂದಿನ ಕೊಳವೆಯನ್ನೂ ನೋಡಬೇಕು. ಯುಟಿಲಿಟಿ ಜಾಗ ಚಿಕ್ಕದೆಂದು ಯಂತ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿದಾಗ ಆ ಕೊಳವೆ ಮಡಿಚಿಕೊಳ್ಳುತ್ತದೆ. ಕೊಳವೆಯ ಬಾಯಿ ಪಾರಿವಾಳದ ಬಲೆಗೆ ತಾಗಿಕೊಂಡಿದ್ದರೆ ಅಲ್ಲೂ ಒದ್ದೆ ಜುಂಗು ಮೆತ್ತಿಕೊಳ್ಳುತ್ತದೆ. ‘ಪ್ರತಿ ಸಲ ಫಿಲ್ಟರ್ ತೆಗೆದು ಸ್ವಚ್ಛ ಮಾಡುತ್ತೇವಲ್ಲ’ ಎನ್ನುವವರು ಈ ಕೊಳವೆಯನ್ನು ಮರೆತಿರುತ್ತಾರೆ. ಫಿಲ್ಟರ್ ಎಷ್ಟೇ ಚೊಕ್ಕಟವಾಗಿದ್ದರೂ ಸಣ್ಣ ನಾರು ಅದನ್ನು ದಾಟಿ ಮುಂದೆ ಹೋಗಿಯೇ ಹೋಗುತ್ತದೆ.

ಹೀಟರೇ ಸುಟ್ಟಿರಬಾರದೇ, ವೋಲ್ಟೇಜ್ ಇಳಿದಿರಬಾರದೇ ಎಂದು ಕೇಳಬಹುದು. ಎರಡೂ ಸಾಧ್ಯ. ಆದರೆ ಎರಡನ್ನೂ ಊಹೆಗೆ ಬಿಡಬೇಕಿಲ್ಲ. 230 ವೋಲ್ಟಿನ, 2000 ವ್ಯಾಟ್ ಹೀಟರಿನ ರೋಧ ಸುಮಾರು 26 ಓಮ್. ಪ್ಲಗ್ ಕಿತ್ತು, ತಂತಿ ಬಿಡಿಸಿ ಮಲ್ಟಿಮೀಟರ್ ಹಿಡಿದರೆ ಮೆಕ್ಯಾನಿಕ್‌ಗೆ ಅದು ಕ್ಷಣದಲ್ಲಿ ತಿಳಿಯುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಹೀಟರಿನ ಶಕ್ತಿ ಸುಮಾರು 61 ಪ್ರತಿಶತಕ್ಕೆ ಕುಸಿಯುತ್ತದೆ. ಬಿಸಿ ಮಂದವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅಮೆರಿಕದ ವಿಡಿಯೋಗಳಲ್ಲಿ ಜೋಡಿ ಬ್ರೇಕರ್‌ನ ಒಂದು ಬದಿ ಬಿದ್ದಿರಬಹುದು, ಮೊದಲು ಅದನ್ನು ನೋಡಿ ಎನ್ನುತ್ತಾರೆ. ಅಲ್ಲಿನ ಡ್ರೈಯರ್‌ಗೆ ತಲಾ 120 ವೋಲ್ಟಿನ ಎರಡು ತಂತಿಗಳಿಂದ ವಿದ್ಯುತ್ ಬರುತ್ತದೆ; ಒಂದು ಹೋದರೂ ಮೋಟಾರು ತಿರುಗಬಲ್ಲದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ಸರಿಯಾದ ಸಲಹೆ. ಒಂದೇ ಫೇಸಿನ ನಮ್ಮ ಸಾಕೆಟ್ಟಿಗೆ ಅದು ಅನ್ವಯಿಸುವುದಿಲ್ಲ.

‘ಫ್ಯೂಸ್ ತಾನೇ, ತಂತಿ ನೇರ ಕೊಟ್ಟರಾಯಿತು’ ಎಂಬ ಮಾತಿಗಂತೂ ಒಪ್ಪಲೇಬಾರದು. ಥರ್ಮಲ್ ಫ್ಯೂಸ್ ಕರಗಿತೆಂದರೆ ಅದು ಮನೆಯನ್ನು ಕಾಯುವ ತನ್ನ ಕೆಲಸ ಮಾಡಿದೆ. ಅದನ್ನು ಬಿಟ್ಟು ನೇರ ತಂತಿ ಕೊಟ್ಟರೆ ಒಣ ಜುಂಗಿಗೂ ಕಾದ ಹೀಟರಿಗೂ ನಡುವೆ ತಡೆಯೇ ಉಳಿಯುವುದಿಲ್ಲ. ಅಮೆರಿಕದ ಸರ್ಕಾರಿ ಅಗ್ನಿಶಾಮಕ ಸಂಸ್ಥೆ 2008ರಿಂದ 2010ರ ಅವಧಿಯನ್ನು ಪರಿಶೀಲಿಸಿದಾಗ, ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬಾರಿ ಡ್ರೈಯರ್‌ನಿಂದ ಬೆಂಕಿ ಹತ್ತಿತ್ತು. ಮುಖ್ಯ ಕಾರಣ, ಯಂತ್ರವನ್ನು ಸ್ವಚ್ಛ ಮಾಡದಿರುವುದು. ಫ್ಯೂಸ್ ಮಾತ್ರ ಬದಲಿಸಿ ಕೊಳವೆಯನ್ನು ಹಾಗೆಯೇ ಬಿಟ್ಟರೆ ಹೊಸ ಫ್ಯೂಸೂ ಇಂದಲ್ಲ ನಾಳೆ ಕರಗುತ್ತದೆ. ಆದ್ದರಿಂದ ಮೆಕ್ಯಾನಿಕ್ ಬಂದಾಗ ಎರಡು ಪ್ರಶ್ನೆ ಕೇಳಿ: ಯಾವ ಭಾಗ ಹೋಗಿದೆ? ಅದು ಯಾಕೆ ಹೋಯಿತು? ಎರಡನೆಯದಕ್ಕೆ ಉತ್ತರ ಸಿಗುವವರೆಗೆ ರಿಪೇರಿ ಮುಗಿಯಿತೆಂದು ಒಪ್ಪಿಕೊಳ್ಳಬೇಡಿ.