ಎಂಟನೇ ತರಗತಿಯ ಆಚೆಗೂ ನೆರವು ಬೇಕು

ಜೂನ್ ಬಂತೆಂದರೆ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವ ದಾನಿಗಳಿಗೆ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ಊರಿನಲ್ಲಿರುವವರೂ ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವವರೂ ಉದಾರವಾಗಿ ಕೊಡುತ್ತಾರೆ. ಆದರೆ ಹೆಚ್ಚಿನವರು ಕೇಳುವುದು ಸಣ್ಣ ಮಕ್ಕಳನ್ನು. ಪಿಯುಸಿಗೆ ಕಾಲಿಟ್ಟ ಹುಡುಗನಿಗೆ ಪ್ರಾಯೋಜಕರು ಸಿಗುವುದು ಕಷ್ಟ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಎಂಟನೇ ತರಗತಿಯ ತನಕ ಉಚಿತ ಶಿಕ್ಷಣದ ಹಕ್ಕು ನೀಡಿದೆ. ರಾಜ್ಯದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತನಕ ಬಿಸಿಯೂಟವೂ ಇದೆ. ಆ ಬಳಿಕ ಕಾಲೇಜು ಶುಲ್ಕ, ಬಸ್ಸು, ಹಾಸ್ಟೆಲ್ ಖರ್ಚು ಮನೆಯವರ ತಲೆಯ ಮೇಲೆ. ಬೀಡಿ ಕಟ್ಟುವ ತಾಯಿಗೆ, ಬೋಟಿಗೆ ಹೋಗುವ ತಂದೆಗೆ ಇದು ಸಣ್ಣ ಹೊರೆಯಲ್ಲ. ಹುಡುಗ ಪುಸ್ತಕ ಬಿಟ್ಟು ತಾನೂ ಬೋಟು ಹತ್ತುವುದು ಇದೇ ವಯಸ್ಸಿನಲ್ಲಿ.

ಸರಕಾರದ ವಿದ್ಯಾರ್ಥಿವೇತನಗಳಿವೆ, ನಿಜ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಸಿದ್ಧಪಡಿಸಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಣ ಬರುವುದು ಹೆಚ್ಚಾಗಿ ಶುಲ್ಕ ಕಟ್ಟಿ ತಿಂಗಳುಗಳು ಕಳೆದ ಮೇಲೆ. ಆ ನಡುವಿನ ಅವಧಿಗೆ ಆಸರೆಯಾಗುವುದೇ ದಾನಿಯ ಮುಖ್ಯ ಕೆಲಸ ಎಂದು ನಾವು ಭಾವಿಸುತ್ತೇವೆ. ಅರ್ಜಿ ತುಂಬಿಸಿಕೊಡುವವರೂ ದಾನಿಗಳೇ.

ಇನ್ನೊಂದು ಮಾತು. ಮೊದಲ ವರ್ಷದ ಶುಲ್ಕ ಕೊಟ್ಟು ಕೈಬಿಟ್ಟರೆ ಮೂರು ವರ್ಷದ ಡಿಪ್ಲೊಮಾ ನಡುನೀರಿನಲ್ಲಿ ನಿಲ್ಲುತ್ತದೆ. ಮೂವರಿಗೆ ಒಂದೊಂದು ವರ್ಷ ಕೊಡುವುದಕ್ಕಿಂತ ಒಬ್ಬಳ ಕೋರ್ಸು ಮುಗಿಸಿಕೊಡುವುದು ಮೇಲು. ಹಣವನ್ನು ನೇರವಾಗಿ ಕಾಲೇಜಿಗೆ ಕಟ್ಟಿ ರಶೀದಿ ಪಡೆಯಿರಿ. ವೇದಿಕೆಗೆ ಕರೆದು ಚೆಕ್ ಹಸ್ತಾಂತರಿಸುವ ಫೋಟೊ ಮಾತ್ರ ಬೇಡ. ಹದಿನೇಳರ ಹುಡುಗಿಗೆ ಮರುದಿನ ಗೆಳತಿಯರ ಮುಖ ನೋಡಲು ಕಷ್ಟವಾಗುತ್ತದೆ.