ಬುರುಜಿನ ಆಟವೂ ಅದರ ಪುನರಾವರ್ತನೆಯೂ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ, ಹಳೆಯ ಕೋಟೆಯೊಂದರ ಅವಶೇಷಗಳಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ಈ ಊರೇ. ಕ್ರಿ. ಶ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ಈ ನಗರವನ್ನು ಮುತ್ತಿ ಸೂರೆಗೊಂಡನು. ಅಂದು ರಕ್ಷಣೆಯ ಏರ್ಪಾಡು ಬೇರೊಂದು ಬಗೆಯಾಗಿದ್ದಿದ್ದರೆ ನಗರವು ಉಳಿಯುತ್ತಿತ್ತೇ? ಪ್ರಯೋಗ ನಡೆಸಿ ಇದಕ್ಕೆ ಉತ್ತರ ಪಡೆಯುವಂತಿಲ್ಲ. ಇತಿಹಾಸವು ಒಂದೇ ಬಾರಿ ನಡೆಯತಕ್ಕದ್ದು. ಆದರೆ ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಆಡುವ ಆಟವೊಂದರಲ್ಲಿ ಮುತ್ತಿಗೆಯನ್ನು ಎಷ್ಟು ಬಾರಿಯಾದರೂ ಯಥಾವತ್ತಾಗಿ ನಡೆಸಿ ನೋಡಬಹುದು. ಟವರ್ ಡಿಫೆನ್ಸ್ ಎಂಬ ಈ ಆಟವನ್ನು ನಾವಿಲ್ಲಿ ಬುರುಜಿನ ಆಟವೆಂದು ಕರೆಯೋಣ. ಅದರ ಒಳಗುಟ್ಟೇನು, ಕಳೆದುಹೋದ ಆಟವನ್ನು ಯಂತ್ರವು ಮತ್ತೆ ತೋರಿಸುವುದು ಹೇಗೆ, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ವಿಚಾರಿಸೋಣ.

ಆಟದ ರಚನೆ

1990ರಲ್ಲಿ ಅಟಾರಿ ಸಂಸ್ಥೆಯು ಹೊರತಂದ ರಾಂಪಾರ್ಟ್ ಎಂಬುದು ಈ ಬಗೆಯ ಆಟಗಳ ಹಿರಿಯನೆನ್ನಬಹುದು. 2007ರಲ್ಲಿ ಡೆಸ್ಕ್‌ಟಾಪ್ ಟವರ್ ಡಿಫೆನ್ಸ್, 2009ರಲ್ಲಿ ಪ್ಲಾಂಟ್ಸ್ ವರ್ಸಸ್ ಜೋಂಬೀಸ್, 2011ರಲ್ಲಿ ಕಿಂಗ್‌ಡಂ ರಶ್ ಬಂದು ಇದನ್ನು ಲೋಕಪ್ರಿಯಗೊಳಿಸಿದವು.

ಶಹಾಬಾದದ ಹಾಸುಗಲ್ಲುಗಳನ್ನು ಚೌಕಚೌಕವಾಗಿ ಹಾಸಿದ ಪಡಸಾಲೆಯನ್ನು ಕಲ್ಪಿಸಿಕೊಂಡರೆ ಆಟದ ನೆಲವು ಕಣ್ಣಿಗೆ ಕಟ್ಟುತ್ತದೆ. ಒಂದು ಅಂಚಿನಿಂದ ಶತ್ರುಗಳು ಅಲೆಅಲೆಯಾಗಿ ಹೊರಟು ಇನ್ನೊಂದು ಅಂಚಿನ ಬಾಗಿಲಿನ ಕಡೆಗೆ ನಡೆಯುತ್ತಾರೆ. ಆಟಗಾರನು ತನ್ನಲ್ಲಿರುವ ಹೊನ್ನನ್ನು ವೆಚ್ಚಮಾಡಿ ದಾರಿಯ ಪಕ್ಕದಲ್ಲಿ ಬುರುಜುಗಳನ್ನು ನಿಲ್ಲಿಸುತ್ತಾನೆ. ಆಮೇಲೆ ಬುರುಜು ತಾನಾಗಿಯೇ ಗುರಿಯಿಟ್ಟು ಹೊಡೆಯುತ್ತದೆ. ಶತ್ರುವೊಬ್ಬನು ಬಿದ್ದರೆ ಹೊನ್ನು ದೊರೆಯುತ್ತದೆ. ಬಾಗಿಲನ್ನು ಹೊಕ್ಕರೆ ಕೋಟೆಯ ಆಯುಸ್ಸು ಕುಗ್ಗುತ್ತದೆ.

ಕೆಲವು ಆಟಗಳಲ್ಲಿ ದಾರಿಯು ಮೊದಲೇ ನಿಶ್ಚಿತವಾಗಿರುತ್ತದೆ. ಬೇರೆ ಕೆಲವುಗಳಲ್ಲಿ ಬಯಲಿನಲ್ಲಿ ನಿಂತ ಬುರುಜುಗಳೇ ಗೋಡೆಗಳಾಗುತ್ತವೆ. ಶತ್ರುಗಳು ಅವುಗಳನ್ನು ಬಳಸಿಕೊಂಡು ಅತ್ಯಂತ ಹತ್ತಿರದ ದಾರಿಯನ್ನು ಹುಡುಕಬೇಕು. ಯಂತ್ರವು ಇದನ್ನು ಸುಲಭವಾಗಿ ಸಾಧಿಸುತ್ತದೆ. ಬಾಗಿಲಿರುವ ಚೌಕಕ್ಕೆ 0, ಅದರ ನೆರೆಯ ಚೌಕಗಳಿಗೆ 1, ಅವುಗಳ ನೆರೆಗೆ 2, ಹೀಗೆ ಬುರುಜಿಲ್ಲದ ಚೌಕಗಳಿಗೆಲ್ಲ ಅಂಕಿಗಳನ್ನು ಕೊಡುತ್ತದೆ. ಶತ್ರುವು ಪ್ರತಿ ಹೆಜ್ಜೆಯಲ್ಲಿಯೂ ತನಗಿಂತ ಕಡಿಮೆ ಅಂಕಿಯ ಚೌಕಕ್ಕೆ ಇಳಿಯುತ್ತಾನೆ. ನೀರು ಇಳಿಜಾರನ್ನು ಹಿಡಿದು ಹರಿಯುವಂತೆಯೇ ಇದು.

ಒಂದು ಸಣ್ಣ ಲೆಕ್ಕ

ಬುರುಜಿನ ಹೊಡೆತವು ಸುತ್ತಲೂ 5 ಚೌಕಗಳ ದೂರಕ್ಕೆ ತಲುಪುವುದೆಂದೂ, ನೇರವಾದ ದಾರಿಯೊಂದು ಬುರುಜಿನಿಂದ 3 ಚೌಕ ದೂರದಲ್ಲಿ ಹಾದುಹೋಗುವುದೆಂದೂ ಇಟ್ಟುಕೊಳ್ಳೋಣ. 5 ಚೌಕ ತ್ರಿಜ್ಯದ ವೃತ್ತದಲ್ಲಿ ಈ ದಾರಿಯು ಒಂದು ಜ್ಯಾ. ಪೈಥಾಗೊರಸನ ಪ್ರಮೇಯದಂತೆ ಅದರ ಅರ್ಧ 4, ಪೂರ್ಣ ಉದ್ದ 8 ಚೌಕ. ಶತ್ರುವು ಸೆಕೆಂಡಿಗೆ 2 ಚೌಕ ನಡೆದರೆ 4 ಸೆಕೆಂಡುಗಳ ಕಾಲ ಹೊಡೆತಕ್ಕೆ ಸಿಕ್ಕುತ್ತಾನೆ. ಬುರುಜು ಅರ್ಧ ಸೆಕೆಂಡಿಗೊಮ್ಮೆ ಹೊಡೆದು, ಪ್ರತಿ ಹೊಡೆತಕ್ಕೆ 10 ಅಂಶ ಬಲವನ್ನು ಕುಂದಿಸಿದರೆ ಒಟ್ಟು 80 ಆಯಿತು. ಶತ್ರುವಿನ ಬಲ 100 ಆಗಿದ್ದರೆ ಅವನು ಪಾರಾಗುತ್ತಾನೆ.

ಈಗ ದಾರಿಯು ಹಿಂದಿರುಗಿ ಬಂದು ಬುರುಜಿನ ಎರಡು ಮಗ್ಗುಲಲ್ಲಿಯೂ ಅಷ್ಟೇ ದೂರದಲ್ಲಿ ಹಾದುಹೋಗಲಿ. ಹೊಡೆತಕ್ಕೆ ಸಿಕ್ಕುವ ಉದ್ದ 16 ಚೌಕ, ಕುಂದುವ ಬಲ 160. ಬುರುಜು ಒಂದೇ, ವೆಚ್ಚವೂ ಒಂದೇ. ಫಲ ಮಾತ್ರ ಇಮ್ಮಡಿ. ಶತ್ರುವಿನ ನಡಿಗೆಯನ್ನು ಅರ್ಧಕ್ಕೆ ಇಳಿಸುವ ಇನ್ನೊಂದು ಬುರುಜನ್ನು ಜೊತೆಗಿಟ್ಟರೆ ಮತ್ತೆ ಇಮ್ಮಡಿ. ದಖ್ಖನಿನ ಅನೇಕ ಕೋಟೆಗಳಲ್ಲಿ ಹೆಬ್ಬಾಗಿಲಿನ ದಾರಿಯು ನೇರವಾಗಿರದೆ ಬಳಸಿ ತಿರುಗುವುದನ್ನು ನೋಡಿದವರಿಗೆ ಈ ತತ್ತ್ವವು ಹೊಸದಲ್ಲ. ಶತ್ರುವನ್ನು ಹೆಚ್ಚು ಹೊತ್ತು ಹೊಡೆತದ ಅಳವಿನಲ್ಲಿ ನಿಲ್ಲಿಸುವುದೇ ರಕ್ಷಣೆಯ ಸಾರ.

ಪುನರಾವರ್ತನೆಯ ಮರ್ಮ

ಆಟ ಮುಗಿದ ಬಳಿಕ ಅದನ್ನು ಮೊದಲಿನಿಂದ ತೋರಿಸುವ ಸೌಕರ್ಯವು ಕೆಲವು ಆಟಗಳಲ್ಲುಂಟು. ನಡೆದುದೆಲ್ಲವನ್ನೂ ಚಿತ್ರಗಳಾಗಿ ಕೂಡಿಡುವುದು ಇದಕ್ಕೆ ಒಂದು ಮಾರ್ಗ. ಸೆಕೆಂಡಿಗೆ 30 ಚಿತ್ರದಂತೆ 10 ನಿಮಿಷದ ಆಟಕ್ಕೆ 18,000 ಚಿತ್ರಗಳು ಬೇಕು.

ಇನ್ನೊಂದು ಮಾರ್ಗವು ಭೌತಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದುದು. ಎಸೆದ ಕಲ್ಲಿನ ಹಾದಿಯನ್ನು ತಿಳಿಯಲು ಅದರ ಪ್ರತಿಯೊಂದು ಸ್ಥಾನವನ್ನೂ ಬರೆದಿಡಬೇಕಾಗಿಲ್ಲ. ಹೊರಟ ಸ್ಥಾನ, ಹೊರಟ ವೇಗ, ಚಲನೆಯ ನಿಯಮ ಇಷ್ಟು ಗೊತ್ತಿದ್ದರೆ ಉಳಿದುದನ್ನು ಲೆಕ್ಕಹಾಕಬಹುದು. ಹಾಗೆಯೇ ಯಂತ್ರವು ಆಟದ ಆರಂಭಸ್ಥಿತಿಯನ್ನೂ, ಆಟಗಾರನು ಯಾವ ಕ್ಷಣದಲ್ಲಿ ಯಾವ ಚೌಕದಲ್ಲಿ ಏನನ್ನು ಕಟ್ಟಿದನೆಂಬ ಆಜ್ಞೆಗಳನ್ನೂ ಬರೆದಿಡುತ್ತದೆ. ಉಳಿದುದನ್ನೆಲ್ಲ ನಿಯಮಗಳೇ ಮತ್ತೆ ಹುಟ್ಟಿಸುತ್ತವೆ. 60 ಆಜ್ಞೆಗಳಿಗೆ ತಲಾ 10 ಬೈಟು ಹಿಡಿದರೂ 600 ಬೈಟು ಸಾಕು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಒಂದು ಕನ್ನಡ ಅಕ್ಷರಚಿಹ್ನೆಗೆ 3 ಬೈಟು ಹಿಡಿಯುವುದರಿಂದ, ಇದು 200 ಚಿಹ್ನೆಗಳ ಪುಟ್ಟ ಓಲೆಗೆ ಸಮ. ಚಿತ್ತಾಪುರದಲ್ಲಿ ಆಡಿದ ಆಟವನ್ನು ಚಿಂಚೋಳಿಯ ಗೆಳೆಯನು ತನ್ನ ಯಂತ್ರದಲ್ಲಿ ನೋಡಲು ಈ ಓಲೆಯನ್ನು ಕಳುಹಿಸಿದರಾಯಿತು. 1993ರ ಡೂಮ್ ಎಂಬ ಆಟವು ಇದೇ ಉಪಾಯದಿಂದ ತನ್ನ ಪುನರಾವರ್ತನೆಗಳನ್ನು ಉಳಿಸುತ್ತಿತ್ತು.

ಬೇಗನೆ ಮುಂದೋಡಿಸಬೇಕಾದರೆ ಯಂತ್ರವು ಲೆಕ್ಕವನ್ನು ಬಿಡದೆ ಮಾಡಿ, ಚಿತ್ರಗಳನ್ನು ಮಾತ್ರ ನಡುನಡುವೆ ಬಿಡುತ್ತದೆ. ಹಿಂದಕ್ಕೆ ಹೋಗುವುದು ಅಷ್ಟು ಸುಲಭವಲ್ಲ. ಬಿದ್ದ ಶತ್ರುವಿನಿಂದ ಅವನು ಬಂದ ಬಗೆಯನ್ನು ಊಹಿಸಲಾಗದು. ಆದುದರಿಂದ ಆಗಾಗ ಪೂರ್ಣಸ್ಥಿತಿಯನ್ನು ಬರೆದಿಟ್ಟು, ಬೇಕಾದ ಕ್ಷಣಕ್ಕೆ ಹಿಂದಿನ ಬರಹದಿಂದ ಮುಂದಕ್ಕೆ ಲೆಕ್ಕಹಾಕುವುದುಂಟು.

ಆಕಸ್ಮಿಕಕ್ಕೂ ನಿಯಮವುಂಟು

ಆಟದಲ್ಲಿ ಆಕಸ್ಮಿಕಗಳೂ ಇರುತ್ತವಲ್ಲ, ಅವು ಮತ್ತೆ ಹಾಗೆಯೇ ಬರುವುದು ಹೇಗೆ ಎಂಬ ಶಂಕೆ ಸಹಜ. ಯಂತ್ರದ ದಾಳವು ನಿಜವಾದ ದಾಳವಲ್ಲ. ಒಂದು ಸಂಖ್ಯೆಯನ್ನು 5ರಿಂದ ಗುಣಿಸಿ, 3ನ್ನು ಕೂಡಿಸಿ, 16ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳಿ. ಆ ಶೇಷಕ್ಕೆ ಮತ್ತೆ ಹಾಗೆಯೇ ಮಾಡಿ. 1ರಿಂದ ಹೊರಟರೆ 8, 11, 10, 5, 12 ಎಂದು ಬರುತ್ತದೆ. ನೋಡಲು ಕ್ರಮವಿಲ್ಲ, ಆದರೆ 1ರಿಂದ ಹೊರಟಾಗಲೆಲ್ಲ ಇದೇ ಸಾಲು. ಆಟಗಳು ಬಹು ದೊಡ್ಡ ಸಂಖ್ಯೆಗಳಿಂದ ಇದನ್ನೇ ಮಾಡುತ್ತವೆ. ಹೊರಡುವ ಸಂಖ್ಯೆಗೆ ಬೀಜವೆಂದು ಹೆಸರು. ಬೀಜವನ್ನು ಓಲೆಯಲ್ಲಿ ಸೇರಿಸಿದರೆ ಆಕಸ್ಮಿಕವೂ ಪುನರಾವರ್ತಿಸುತ್ತದೆ.

ಕೂದಲೆಳೆಯ ಅಂತರ

ಈ ವಿಧಾನಕ್ಕೆ ಒಂದು ದೌರ್ಬಲ್ಯವುಂಟು. ನಮ್ಮ ಲೆಕ್ಕದ ನೇರವಾದ ದಾರಿಯು ಬುರುಜಿನಿಂದ 1 ಚೌಕ ದೂರದಲ್ಲಿದ್ದರೆ, ಶತ್ರುವು ಸುಮಾರು 4.9 ಸೆಕೆಂಡು ಅಳವಿನಲ್ಲಿರುತ್ತಾನೆ. ಮೊದಲ ಹೊಡೆತ ಬಿದ್ದ ಕ್ಷಣವನ್ನು ಅನುಸರಿಸಿ ಒಟ್ಟು ಹೊಡೆತಗಳು 9 ಆಗಬಹುದು ಅಥವಾ 10 ಆಗಬಹುದು. ಹತ್ತನೆಯದು ಬಿದ್ದರೆ ಮರಣ, ಇಲ್ಲದಿದ್ದರೆ ಜೀವ. ಅವನು ಪಾರಾದರೆ ಹೊನ್ನು ಬಾರದು. ಹೊನ್ನಿಲ್ಲದೆ ಮುಂದಿನ ಬುರುಜು ಏಳದು. ಅಲ್ಲಿಂದ ಮುಂದೆ ಕಾಣುವುದು ಬೇರೆಯೇ ಆಟ. ಆದುದರಿಂದ ಯಂತ್ರವು ಕಾಲವನ್ನು ಸಮನಾದ ಸಣ್ಣ ತುಣುಕುಗಳಾಗಿ ಎಣಿಸಬೇಕು; ದಶಮಾಂಶಗಳ ಅಂದಾಜು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರಬೇಕು. ತಯಾರಕರು ನಿಯಮವೊಂದನ್ನು ತಿದ್ದಿದರೆ ಹಳೆಯ ಓಲೆಗಳು ವ್ಯರ್ಥವಾಗುವುದೂ ಇದರಿಂದಲೇ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಪವನವಿಜ್ಞಾನಿಯು ಹವೆಯ ಲೆಕ್ಕವನ್ನು ಮತ್ತೆ ನಡೆಸುವಾಗ 0.506127 ಎಂಬುದರ ಬದಲು 0.506 ಎಂದು ಕೊಟ್ಟನು. ಸ್ವಲ್ಪ ಕಾಲದಲ್ಲಿಯೇ ಫಲಿತಾಂಶವು ಗುರುತು ಸಿಕ್ಕದಷ್ಟು ಬದಲಾಯಿತು.

ಸೋಲಿನ ಪರೀಕ್ಷೆ

ಪುನರಾವರ್ತನೆಯನ್ನು ಕೇವಲ ವಿನೋದಕ್ಕಾಗಿ ನೋಡುವವರು ಅದರ ಅರ್ಧ ಬೆಲೆಯನ್ನೂ ಅರಿಯರು. ಸೋತ ಆಟವನ್ನು ಅದೇ ಬೀಜದಿಂದ ಮತ್ತೆ ಆರಂಭಿಸಿ, ಒಂದೇ ಒಂದು ಬುರುಜಿನ ಸ್ಥಾನವನ್ನು ಬದಲಿಸಿ, ಉಳಿದುದನ್ನೆಲ್ಲ ಹಾಗೆಯೇ ಇಟ್ಟರೆ ಕಾರಣವು ತಾನಾಗಿ ಹೊರಬೀಳುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಪಾಠವೂ ಇದೇ. ಆದರೆ ಅಲ್ಲಿಗೇ ನಿಲ್ಲಬಾರದು. ಒಂದೇ ಬೀಜದ ಮೇಲೆ ಗೆದ್ದವನು ಆ ಸಾಲನ್ನು ಬಾಯಿಪಾಠ ಮಾಡಿರಬಹುದು. ಬೀಜವನ್ನು ಹಲವು ಬಾರಿ ಬದಲಿಸಿದರೂ ಯೋಜನೆಯು ಗೆದ್ದರೆ ಮಾತ್ರ ಅದು ಅದೃಷ್ಟವಲ್ಲ, ತಿಳಿವಳಿಕೆ. ಮಾನ್ಯಖೇಟದ ಅರಸರಿಗೆ ಈ ಅವಕಾಶವಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದಿರುವ ವಿದ್ಯಾರ್ಥಿಯು ಸೋತೊಡನೆ ಬೇಸರದಿಂದ ಹೊಸ ಆಟವನ್ನು ತೊಡಗದೆ, ಎಲ್ಲಿ ಸೋತೆನೆಂದು ಒಮ್ಮೆ ತಿರುಗಿ ನೋಡಲಿ.